ಮಿಂಚುಗಲ್ಲು

ಆ ಕಲ್ಲು ಸಿಕ್ಕಿದ್ದು ಕನಕರಾಜುವಿಗೆ. ಗುಂಡ್ಲುಪೇಟೆ ಬಳಿಯ ಭೀಮನಬೀಡಿನಲ್ಲಿ ಭಾವನ ಬಾವಿ ತೋಡುವಾಗ ಅವನೇ ಎತ್ತಿ ತೆಗೆದದ್ದು. ಅಂಗೈಯಗಲದ ಕಪ್ಪು ಕಲ್ಲು, ಬಿಸಿಲಿಗೆ ಹಿಡಿದರೆ ಕನ್ನಡಿ ಚೂರು ಅಂಟಿಸಿದಂತೆ ಮಿನುಗುತ್ತಿತ್ತು. ತಾನು ಜವಾನನಾಗಿದ್ದ ಚಾಮರಾಜನಗರದ ಕಾಲೇಜಿಗೆ ತಂದು ಭೂವಿಜ್ಞಾನದ ಮೇಷ್ಟ್ರು ಮಲ್ಲಿಕಾರ್ಜುನಸ್ವಾಮಿಯವರಿಗೆ ಕೊಟ್ಟ. ಇದು ಹೆಮಟೈಟ್, ಕಬ್ಬಿಣದ ಅದಿರು. ಬಂಡೆಯ ಬಿರುಕಿನಲ್ಲಿ ಬಿಸಿನೀರು ಹರಿದು ಪದರ ಪದರವಾಗಿ ಕಟ್ಟಿದೆ ಎಂದು ಅವರು ಹುಡುಗರಿಗೆ ಪಾಠ ಮಾಡಿದರು. 1994ರ ಆಷಾಢದಲ್ಲಿ ಪೇಪರಿನಲ್ಲಿ ಫೋಟೋ ಬಂತು. ಗುಂಡ್ಲುಪೇಟೆ ಕಡೆ ಸುತ್ತಾಡಿ ಕಲ್ಲು ಪತ್ತೆ ಮಾಡಿದವರು ಮೇಷ್ಟ್ರು ಎಂದಿತ್ತು. ಕೇಳಿದ್ದಕ್ಕೆ, ಜವಾನನ ಹೆಸರು ಹಾಕಿದರೆ ಯಾರು ನಂಬುತ್ತಾರೆ ಎಂದು ನಕ್ಕರು.

ಆ ನಗು ಅವನ ಎದೆಯಲ್ಲಿ ಕೂತುಬಿಟ್ಟಿತು.

ಮೈಸೂರಿನ ಪ್ರೊಫೆಸರುಗಳು ಕಲ್ಲು ನೋಡಲು ಬರುವ ಶನಿವಾರವನ್ನೇ ಆರಿಸಿಕೊಂಡ. ಗಾಜಿನ ಬೀರುವಿನ ಬೀಗದ ಕೈ ಇದ್ದದ್ದು ಮೇಷ್ಟ್ರ ಬಳಿ ಮಾತ್ರ. ಪಾಠಕ್ಕೆ ಹೋಗುವಾಗ ಅದನ್ನೂ ಸ್ಕೂಟರಿನ ಕೀಯನ್ನೂ ಸ್ಟಾಫ್ ರೂಮಿನಲ್ಲಿ ತೂಗುಹಾಕಿದ ಕೋಟಿನ ಜೇಬಿನಲ್ಲೇ ಬಿಡುತ್ತಿದ್ದರು. ಕಲ್ಲು ಅವರ ಸ್ಕೂಟರಿನ ಡಿಕ್ಕಿಯಲ್ಲಿ ಸಿಗಬೇಕು, ಅದರ ಮೇಲೆ ಬಿಳಿ ಪೇಂಟಿನಲ್ಲಿ ಬರೆದ ಕಾಲೇಜಿನ ನಂಬರು ಅಳಿಸಿರಬೇಕು. ಮಾರಲು ಹೊರಟಿದ್ದರು ಎಂದು ಆಗ ಯಾರಾದರೂ ನಂಬುತ್ತಾರೆ.

ಹನ್ನೊಂದು ಗಂಟೆಗೆ ಬೀರು ತೆಗೆದ. ಕಿಟಕಿಯಿಲ್ಲದ ಸ್ಟೋರ್ ರೂಮಿನಲ್ಲಿ ದೀಪ ಹಾಕದೆ, ಕಲ್ಲನ್ನು ಸಿಮೆಂಟ್ ಗೋಡೆಗೆ ಉಜ್ಜಿ ಉಜ್ಜಿ ನಂಬರು ಅಳಿಸಿದ. ಕತ್ತಲಲ್ಲೇ ಟವೆಲ್ಲಿಗೆ ಕೈ ಒರೆಸಿ, ಕಲ್ಲನ್ನು ಅದರಲ್ಲೇ ಸುತ್ತಿ ಒಯ್ದು ಡಿಕ್ಕಿಗೆ ಸೇರಿಸಿದ. ಕೀಗಳು ಕೋಟಿಗೆ ಮರಳಿದವು, ಟವೆಲ್ಲು ಮುದುರಿಕೊಂಡು ಕಂಕುಳಿಗೆ.

ಖಾಲಿ ಬೀರು ಕಂಡದ್ದೇ ಪ್ರಿನ್ಸಿಪಾಲರು ಗೇಟು ಹಾಕಿಸಿದರು. ಕನಕರಾಜು ಅವರ ಹತ್ತಿರ ಸರಿದು ಮೆಲ್ಲಗೆ ಹೇಳಿದ:

"ಮೇಷ್ಟ್ರು ಸ್ಕೂಟ್ರಲ್ಲಿ ಏನೋ ಇಟ್ಟಂಗಾಯ್ತು ಸಾ. ನಾ ಏಳ್ದೆ ಅನ್ಬ್ಯಾಡಿ."

ಡಿಕ್ಕಿ ತೆರೆದರು. ಕಲ್ಲು ಮಿನುಗಿತು. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಜನ ಸುತ್ತ ಒತ್ತರಿಸಿ ನಿಂತರು. ಕನಕರಾಜುವಿಗೆ ಹಿಂದೆ ಸರಿಯಲು ಜಾಗವಿರಲಿಲ್ಲ. ಬೆವರು ಇಳಿಯುತ್ತಿತ್ತು. ಟವೆಲ್ಲಿನಿಂದ ಹಣೆ, ಕುತ್ತಿಗೆ ಒರೆಸಿಕೊಂಡ.

ಮೇಷ್ಟ್ರು ಕಲ್ಲು ತಿರುಗಿಸಿ ಉಜ್ಜಿದ ಜಾಗ ನೋಡಿದರು. ಆಮೇಲೆ ತಲೆಯೆತ್ತಿ ಅವನ ಮುಖವನ್ನೇ ದಿಟ್ಟಿಸಿದರು. ಉಳಿದವರೂ ಒಬ್ಬೊಬ್ಬರಾಗಿ ಅತ್ತಲೇ ತಿರುಗಿದರು. "ಕನಕರಾಜು," ಎಂದರು ಮೇಷ್ಟ್ರು, "ಕ್ಲಾಸಿನಲ್ಲಿ ನಾನು ಇದನ್ನ ಬಿಳಿ ಪಿಂಗಾಣಿ ಬಿಲ್ಲೆ ಮೇಲೆ ಉಜ್ಜಿ ತೋರಿಸ್ದಾಗ ನೀನು ಟೀ ತರೋಕೆ ಹೋಗಿದ್ದೆ. ಕಲ್ಲು ಎಷ್ಟೇ ಕಪ್ಪಗೆ ಹೊಳೀಲಿ, ಇದರ ಪುಡಿ ಕೆಂಪು." ಅವನು ಟವೆಲ್ಲು ಬಿಚ್ಚಿ ನೋಡಿದ.