ದೊರೆಸಾನಿಯ ಕಾಲಬುಡದ ನಾಯಿ

“ಅಮ್ಮಾ, ಆ ಸಮಾಧಿ ಮೇಲೆ ನಾಯಿನೇ ಇಲ್ವಲ್ಲ!”

ಕೋಟೆ ನೋಡಲು ಕೀಲಿ ಒಯ್ದಿದ್ದ ಗಂಡ ಹೆಂಡತಿ ವಾಪಸು ಬಂದು ಬಾಗಿಲಲ್ಲಿ ನಿಂತಿದ್ದರು. ಇಸ್ಪೀಟೆಲೆ ಕಲಸುತ್ತಿದ್ದ ಬಾಸಿಲಿಸಾ ಕೈ ನಿಲ್ಲಿಸಿದಳು.

“ಅದೆಲ್ಲಿಗೆ ಹೋಗುತ್ತೆ? ನಮ್ಮಜ್ಜಿ ಹುಟ್ಟೋಕೆ ಮುಂಚಿಂದ ಮಲಗಿರೋ ಕಲ್ಲುನಾಯಿ ಅದು.”

“ಜಾಗ ಖಾಲಿ ಇದೆ. ನೀವೇ ಬಂದು ನೋಡಿ.”

ಬಾಸಿಲಿಸಾ ಹೋಗಿ ನೋಡಿದಳು. ಕೋಟೆಯ ಪ್ರಾರ್ಥನಾಮಂದಿರದಲ್ಲಿ ಸಮಾಧಿಯ ಮೇಲೆ ದೊರೆಸಾನಿಯ ಪ್ರತಿಮೆ ಎಂದಿನಂತೆ ಕಣ್ಮುಚ್ಚಿ ಮಲಗಿತ್ತು. ಕಾಲಬುಡದಲ್ಲಿ ರೊಟ್ಟಿಯಷ್ಟು ಗಾತ್ರದ ಬಿಳಿಕಲ್ಲಿನ ನಾಯಿ ಮಾತ್ರ ಇರಲಿಲ್ಲ. ಅದರ ಬುಡ ಸಡಿಲವಾಗಿ ಎಷ್ಟೋ ಕಾಲವಾಗಿತ್ತು. ಸರಿ ಮಾಡಿಸಿ ಎಂದು ಆಕೆ ಹೇಳದ ದಿನವಿಲ್ಲ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ತೊರ್ರೆಮೊರಾದ ಕೋಟೆ ನೋಡಬೇಕೆಂದು ಸೋರಿಯಾ ಪಟ್ಟಣದ ಕಡೆಯಿಂದ ಬರುವವರೆಲ್ಲ ಬಾಸಿಲಿಸಾಳ ಬಾಗಿಲು ತಟ್ಟಿ ಕೀಲಿ ಒಯ್ಯಬೇಕು, ನೋಡಿಯಾದ ಮೇಲೆ ತಂದುಕೊಡಬೇಕು. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಆಕೆಗೆ ಬಂದ ಕೀಲಿ ಅದು. ನಂಬರು ಒತ್ತುವ ಬೀಗ ಹಾಕಲು ಮೇಲಿನ ಅಧಿಕಾರಿಗಳು ಒಂದು ನೆಪಕ್ಕಾಗಿ ಕಾಯುತ್ತಿದ್ದರು. ಈಗ ನೆಪ ಸಿಕ್ಕಿತು. ನಾಯಿ ಸಿಗದಿದ್ದರೆ ಕೀಲಿಯೂ ಹೋದ ಹಾಗೆಯೇ. ಅದರ ಜೊತೆಗೆ ಮನೆತನದ ಮಾನವೂ.

ಪೊಲೀಸ್ ಸಾರ್ಜೆಂಟ್ ಒಲಾಯಾ ಬಂದಳು. ಬೂಟಿನ ಹಿಮ ಕೊಡವಿ, ದುಂಡುಮೇಜಿನ ಮುಂದೆ ಕೂತು, ನೆಲ ಮುಟ್ಟುವ ದಪ್ಪ ಮೇಜುಬಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಮೇಜಿನಡಿಯ ಅಗ್ಗಿಷ್ಟಿಕೆಯ ಕೆಂಡ ಕಾಲಿಗೆ ಹಿತವಾಗಿ ತಾಗಿತು.

“ನಾಯೀನ ಕೊನೇಲಿ ನೋಡಿದ್ದು ಯಾರು?”

“ಬೆಳಿಗ್ಗೆ ಕೋಟೆ ನೋಡೋಕೆ ವಲೆನ್ಸಿಯಾದೋರು ಬಂದಿದ್ರು. ನಾಯಿ ಜೊತೆ ಫೋಟೊ ಹಿಡಿದು ನಂಗೂ ತೋರಿಸಿದ್ರು,” ಎಂದಳು ಬಾಸಿಲಿಸಾ. “ಊಟ ಆದ್ಮೇಲೆ ನಾನು ಇಗರ್ಜಿಗೆ ಜಪಮಾಲೆ ಪ್ರಾರ್ಥನೆಗೆ ಹೋದೆ. ಮನೆ ಬಾಗಿಲು ತೆರೆದೇ ಇತ್ತು. ಈ ಊರಲ್ಲಿ ಯಾರು ಬೀಗ ಹಾಕ್ತಾರೆ?”

“ಕೀಲಿ ಎಲ್ಲಿರುತ್ತೆ ಅಂತ ಯಾರ್ಯಾರಿಗೆ ಗೊತ್ತು?”

“ದಿನಾ ಇಲ್ಲಿ ಇಸ್ಪೀಟಾಡೋ ಇವರಿಬ್ಬರಿಗೆ.”

ಇಬ್ಬರೂ ಅಲ್ಲೇ ಕೂತಿದ್ದರು. ಕೆಳಗಿನ ಬೀದಿಯ ಹೋಟೆಲಿನ ಗೌದೆನ್ಸಿಯೊ ಇನ್ನೂ ಮೈಮೇಲಿನ ಕೋಟನ್ನೂ ತೆಗೆದಿರಲಿಲ್ಲ. ಇನ್ನೊಬ್ಬ, ಕುರಿಗಳನ್ನೆಲ್ಲ ಮಾರಿ ಮನೆಯಲ್ಲೇ ಉಳಿದ ಕುರುಬ ಪ್ರಿಮಿತಿವೊ.

“ನಾನು ಪ್ರಾರ್ಥನೇಲಿ ಮುಂದಿನ ಬೆಂಚಲ್ಲೇ ಕೂತಿದ್ದೆ, ಮೇಡಂ,” ಎಂದ ಗೌದೆನ್ಸಿಯೊ. “ಪಾದ್ರಿಗಳನ್ನೇ ಕೇಳಿ. ಈ ಪ್ರಿಮಿತಿವೊ ಮಾತ್ರ ಕಾಣಲಿಲ್ಲ.”

“ದೇವರಿಗೂ ನಂಗೂ ಮಾತಿಲ್ಲ,” ಎಂದ ಪ್ರಿಮಿತಿವೊ. “ಮನೇಲಿದ್ದೆ.”

“ಜೊತೆಗೆ ಯಾರಿದ್ರು?” ಒಲಾಯಾ ಕೇಳಿದಳು.

“ಯಾರಿರ್ತಾರೆ? ನಾಯಿನೂ ಸತ್ತುಹೋಯ್ತು.”

“ಅದಕ್ಕೇ ಕಲ್ಲಿಂದು ಒಂದು ತಂದಿಟ್ಕೊಂಡ್ಯೇನೋ!” ಎಂದು ಗೌದೆನ್ಸಿಯೊ ನಕ್ಕ.

ಬಾಸಿಲಿಸಾಗೆ ಒಂದು ಮಾತು ನೆನಪಾಯಿತು. ದೊರೆಸಾನಿಯ ನಾಯಿ ನೋಡಿದರೆ ಸತ್ತುಹೋದ ತನ್ನ ನಾಯಿ ಲುಸೇರಾಳನ್ನೇ ನೋಡಿದಂತಾಗುತ್ತದೆ ಎಂದು ಪ್ರಿಮಿತಿವೊ ಹೋದ ವಾರವಷ್ಟೇ ಹೇಳಿದ್ದ. ಹೇಳಲೋ ಬೇಡವೋ? ಆಕೆ ಮೇಜಿನ ಮೇಲಿನ ಎಲೆಗಳನ್ನು ಒಟ್ಟುಮಾಡತೊಡಗಿದಳು. ಅವನ ಮುಖ ನೋಡಲು ಆಗಲಿಲ್ಲ.

ಒಲಾಯಾ ಗಂಡ ಹೆಂಡತಿಯ ಕಡೆ ತಿರುಗಿದಳು.

“ಕೋಟೆ ಬಾಗಿಲು ಸಲೀಸಾಗಿ ತೆರೀತಾ?”

“ಎಲ್ಲಿಂದ!” ಎಂದ ಗಂಡ. “ಲೈಟರ್‌ನಿಂದ ಕೀಲಿ ಕಾಯಿಸಿದ ಮೇಲೇ ಜಗ್ಗಿದ್ದು.”

“ನನ್ನ ಹೊಸ ಕೈಗವಸಿನ ಗತಿ ನೋಡಿ!” ಹೆಂಡತಿ ಕಪ್ಪು ಕೈಗವಸು ಮುಂದೆ ಹಿಡಿದಳು. ಅಂಗೈಯಲ್ಲಿ ಬಿಳಿ ಕೊಬ್ಬು ಗಟ್ಟಿಯಾಗಿ ಮೆತ್ತಿಕೊಂಡಿತ್ತು. “ಕೀಲಿ ಮುಟ್ಟಿದ ಕೂಡಲೇ ಹೀಗಾಯ್ತು.”

ಬಾಸಿಲಿಸಾಗೆ ನಾಚಿಕೆಯಾಯಿತು. “ತಪ್ಪು ತಿಳ್ಕೋಬೇಡಿ ತಾಯಿ. ತುಕ್ಕು ಹಿಡೀಬಾರದು ಅಂತ ಹಂದಿಕೊಬ್ಬು ಸವರ್ತೀನಿ. ತೊಳೆದುಕೊಡ್ತೀನಿ, ಕೊಡಿ ಇಲ್ಲಿ.”

“ತೊಳೀಬೇಡಿ,” ಎಂದಳು ಒಲಾಯಾ. “ಬಾಸಿಲಿಸಮ್ಮ, ಚಳಿಗಾಲದಲ್ಲಿ ಕೀಲಿ ಎಲ್ಲಿಡ್ತೀರಿ?”

“ಇಲ್ಲೇ, ಮೇಜಿನಡಿ, ಅಗ್ಗಿಷ್ಟಿಕೆ ಪಕ್ಕ. ತಣ್ಣಗಿನ ಕೀಲಿಗೆ ಆ ಬೀಗ ಜಪ್ಪಯ್ಯ ಅನ್ನಲ್ಲ.”

“ಇವರಿಗೆ ಕೀಲಿ ಕೊಟ್ಟಿದ್ದು ನೀವೇನಾ?”

“ನಾನು ಎಲೆ ಹಂಚ್ತಿದ್ದೆ. ಗೌದೆನ್ಸಿಯೊ ಆಗ ತಾನೇ ಬಂದು ಕೂತಿದ್ದ. ಅವನೇ ಬಗ್ಗಿ ತೆಗೆದುಕೊಟ್ಟ.”

“ಅದೂ ತಪ್ಪಾ?” ಎಂದ ಗೌದೆನ್ಸಿಯೊ.

ಪ್ರಿಮಿತಿವೊ ಮೆಲ್ಲಗೆ ಹೇಳಿದ, “ನೀನು ಕೆಳಗೆ ಬಿದ್ದ ಎಲೆನೂ ನನ್ನ ಕೈಲೇ ಎತ್ತಿಸ್ತೀಯಲ್ಲೋ.”

“ಅದೇ ನೋಡಿ,” ಎಂದಳು ಒಲಾಯಾ. “ಕೆಂಡದ ಪಕ್ಕ ಇದ್ದ ಕೀಲೀಲಿ ಕೊಬ್ಬು ಕರಗಿ ಎಣ್ಣೆ ಆಗಿರಬೇಕಿತ್ತು. ಇದು ಬೆಳ್ಳಗೆ ಹೆಪ್ಪುಗಟ್ಟಿತ್ತು. ಅಂದ್ರೆ ಗೌದೆನ್ಸಿಯೊ, ನೀವು ಕೈ ಹಾಕಿದ್ದು ಮೇಜಿನಡಿ, ಕೀಲಿ ಬಂದಿದ್ದು ಬೇರೆ ಕಡೆಯಿಂದ. ವಾಪಸು ಇಡೋಕೆ ಅಂತ ತಂದಿದ್ರಿ, ಅಷ್ಟರಲ್ಲಿ ಇವರು ಬಂದು ಕೇಳಿದ್ರು. ಬಾಸಿಲಿಸಮ್ಮ, ವಲೆನ್ಸಿಯಾದೋರು ಹೋದ ಮೇಲೆ ಇಲ್ಲಿ ಯಾರು ಕೂತಿದ್ರು?”

“ಇವನೇ. ಊಟಕ್ಕೆ ಮುಂಚೆ ಒಂದು ಗಳಿಗೆ ಕಾಲು ಕಾಯಿಸ್ಕೊಂಡು ಹೋದ.”

“ಆಮೇಲೆ ಊರೆಲ್ಲ ಊಟಕ್ಕೆ ಕೂತಾಗ ಗೌದೆನ್ಸಿಯೊ ಕೋಟೆ ಬಾಗಿಲು ತೆರೆದ್ರು. ಕದ್ದಿದ್ದು ಪ್ರಾರ್ಥನೆ ಹೊತ್ತಲ್ಲಿ ಅಂತ ಎಲ್ಲರೂ ಅಂದ್ಕೊಳ್ಳಲಿ ಅಂತ ಮುಂದಿನ ಬೆಂಚಲ್ಲಿ ಹೋಗಿ ಕೂತ್ರು. ಕೀಲಿ ಜೇಬಲ್ಲೇ ಇತ್ತು. ಕೊಬ್ಬಿನ ಕಲೆ ಅಷ್ಟು ಬೇಗ ಹೋಗಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗೌದೆನ್ಸಿಯೊನ ಕೈ ಕೋಟಿನ ಬಲಜೇಬಿಗೆ ಹೋಯಿತು. ಒಲಾಯಾ ಜೇಬು ಹೊರಗೆಳೆಸಿದಳು. ಒಳಬಟ್ಟೆಯ ತುಂಬ ಜಿಡ್ಡು.

“ಮಾರೋಕಲ್ಲ ಮೇಡಂ, ದೇವರಾಣೆ!” ಎಂದ ಗೌದೆನ್ಸಿಯೊ. “ನಮ್ಮ ಹೋಟೆಲಲ್ಲೇ ಇದೆ, ಬೇಳೆ ಮೂಟೇಲಿ. ನಾಲ್ಕು ದಿನ ಬಿಟ್ಟು ನಾನೇ ಹುಡುಕಿದೆ ಅಂತ ತಂದುಕೊಡ್ತಿದ್ದೆ. ಆಗ, ಬಾಸಿಲಿಸಕ್ಕನಿಗೆ ವಯಸ್ಸಾಯ್ತು, ಕೀಲಿ ಗೌದೆನ್ಸಿಯೊ ಹತ್ರ ಇರಲಿ ಅಂತ ಊರೋರೇ ಹೇಳ್ತಿದ್ರು. ಕೋಟೆಗೆ ಬಂದೋರೆಲ್ಲ ನಮ್ಮಲ್ಲಿ ಒಂದು ಕಾಫಿನಾದ್ರೂ ಕುಡೀತಿದ್ರು. ಹೋಟೆಲು ಮುಚ್ಚೋ ಹಾಗಾಗಿದೆ ನಂಗೆ.”

ಬಾಸಿಲಿಸಾ ಅವನನ್ನೇ ನೋಡಿದಳು. ಸಿಟ್ಟು ಬರುತ್ತದೆ ಎಂದುಕೊಂಡಿದ್ದಳು, ಬಂದದ್ದು ಅಳು.

“ಕೇಳಬಾರದಿತ್ತೇನೋ? ನನ್ನ ಮಂಡಿ ಕೈಕೊಟ್ಟು ವರ್ಷವಾಯ್ತು. ಈಸ್ಟರ್ ಆದ್ಮೇಲೆ ಕೀಲಿ ನಿಂಗೇ ಕೊಡೋಣ ಅಂತಿದ್ದೆ ಕಣೋ.”

ಗೌದೆನ್ಸಿಯೊ ಕೋಟಿನ ಗುಂಡಿ ಹಾಕಿಕೊಂಡು ಎದ್ದ. ಒಲಾಯಾ ಅವನನ್ನು ಕರೆದುಕೊಂಡು ಬೇಳೆ ಮೂಟೆ ನೋಡಲು ಹೋದಳು. ಗಂಡ ಹೆಂಡತಿಯೂ ಹಿಂದೆಯೇ ಹೊರಟರು.

ಬಾಸಿಲಿಸಾ ಕೀಲಿಯನ್ನು ಏಪ್ರನ್ನಿನಲ್ಲಿ ಒರೆಸಿ ಪ್ರಿಮಿತಿವೊನ ಮುಂದೆ ಹಿಡಿದಳು.

“ನಿನ್ನ ಮೇಲೆ ಅನುಮಾನಪಟ್ಟೆ ಕಣಪ್ಪಾ.”

“ಗೊತ್ತಾಯ್ತು. ನನ್ನ ಮುಖ ನೋಡಲಿಲ್ವಲ್ಲ ನೀನು.”

ಅವನು ಕೀಲಿ ತೆಗೆದುಕೊಂಡ. ಬಗ್ಗಿ, ಮೇಜುಬಟ್ಟೆ ಎತ್ತಿ, ಅಗ್ಗಿಷ್ಟಿಕೆಯ ಪಕ್ಕದಲ್ಲಿ ತನ್ನ ಕಾಲ ಬಳಿ ಅದನ್ನು ಇಟ್ಟ.

“ಎಲೆ ಹಂಚು,” ಎಂದ.