ಇಂಟರ್ವಲ್ ನಂತರ ಏನಾಯಿತು

“ಮ್ಯಾಡಮ್, ಜರಾ ಪಾಯ ಬಾಜೂಲಾ ಘ್ಯಾ ನಾ,” ಎಂದು ಥಿಯೇಟರಿನ ಕತ್ತಲಲ್ಲಿ, ಸ್ವಲ್ಪ ಕಾಲು ಸರಿಸುವಂತೆ ಮರಾಠಿಯಲ್ಲಿ ಕೇಳಿಕೊಂಡ ವಿಕ್ರಮ.

ವರದಾ ಕಾಲು ಸರಿಸಲಿಲ್ಲ. “ನಾನೇ ಇದ್ದೀನ್ರಿ. ಹೆಂಡತಿ ಗುರ್ತ ಸಿಗಲಿಲ್ಲೇನು?”

ಪರದೆಯ ಬೆಳಕು ಅವಳ ಕುತ್ತಿಗೆಯ ಮೇಲೆ ಬಿತ್ತು. ಉದ್ದ ಜಡೆ ಇರಲಿಲ್ಲ. ಕೂದಲು ಕಿವಿಯ ಕೆಳಗೇ ಮುಗಿದಿತ್ತು.

“ಯಾವಾಗ ಕತ್ತರಿಸಿದಿ?”

“ಹೋದ ತಿಂಗಳ. ನೀವು ವಿಡಿಯೋ ಕಾಲ್‌ನ್ಯಾಗ ಮಗಳನ್ನಷ್ಟ ನೋಡ್ತೀರಿ.”

“ಛಂದ ಕಾಣಸ್ತದ.”

“ಬಾಚಲಿಕ್ಕೆ ಟೈಮ್ ಇಲ್ಲ, ಅದಕ್ಕ,” ಅಂದಳು. ಆದರೂ ಅವಳ ಬೆರಳು ಕೂದಲನ್ನು ಕಿವಿಯ ಹಿಂದೆ ಸರಿಸಿತು.

“ಶ್! ಅಪ್ಪಾ, ಕೂಡು!” ಅಂದಳು ಆಚೆ ಸೀಟಿನಿಂದ ಇಂಪನಾ. ಅವನು ಇಬ್ಬರ ನಡುವೆ ಕೂತ.

ವರದಾ ಪುಣೆಯಲ್ಲಿ ಫಿಜಿಯೋಥೆರಪಿಸ್ಟ್. ದಿನವಿಡೀ ಬೇರೆಯವರ ಬೆನ್ನು ಸರಿಮಾಡಿ ತನ್ನ ಬೆನ್ನು ಹಿಡಿದುಕೊಂಡು ಮನೆಗೆ ಬರುವವಳು. ವಿಕ್ರಮನಿಗೆ ದೌಂಡದಲ್ಲಿ ರೈಲ್ವೆ ನೌಕರಿ. ವಾರಕ್ಕೊಮ್ಮೆ ಬಂದರೂ ಬಂದವನೇ ಮಲಗಿಬಿಡುತ್ತಿದ್ದ. ದೀಪಾವಳಿಯ ಹೊತ್ತಿಗೆ ಅವಳು ರೇಗಿ, “ಬರೇ ಮಲಗಲಿಕ್ಕೆ ಬರೂದಿದ್ರ ಬರಬ್ಯಾಡ್ರಿ,” ಅಂದಿದ್ದಳು. ಅವನು ಬರುವುದನ್ನೇ ಬಿಟ್ಟ. ಇಂದು ಬಂದದ್ದು ಮಗಳ ಹಟಕ್ಕೆ. ಈ ಸಿನಿಮಾದ ಮೊದಲ ಭಾಗವನ್ನು ಮೂವರೂ ಕೂಡಿ ನೋಡಿದ್ದೇವೆ, ಎರಡನೆಯದನ್ನೂ ಹಾಗೇ ನೋಡಬೇಕು ಎಂದು ಅವಳು ಅತ್ತಿದ್ದಳು.

ಹಳೇ ಬಸ್ಸಿನಲ್ಲಿ ಅಜ್ಜಿಯನ್ನೂ ಕೂಡಿಸಿಕೊಂಡು ಊರೂರು ತಿರುಗುವ ಒಂದು ಕುಟುಂಬದ ಕಥೆ. ಮೊದಲ ಸಲ ನಕ್ಕು ನಕ್ಕು ವರದಾಳ ಹೊಟ್ಟೆ ಹಿಡಿದುಕೊಂಡಿತ್ತು. ಈ ಸಲ ಥಿಯೇಟರಿನಲ್ಲಿ ನಗುವೇ ಕಡಿಮೆ.

ಇಂಟರ್ವಲ್ ಆದ ಮೇಲೆ ನೋಡುತ್ತಾಳೆ, ವಿಕ್ರಮ ತನ್ನ ತೊಡೆಯನ್ನು ತಾನೇ ಚಿವುಟಿಕೊಳ್ಳುತ್ತಿದ್ದಾನೆ.

“ಏನ್ ಮಾಡ್ಲಿಕತ್ತೀರಿ?”

“ರಾತ್ರಿ ಡ್ಯೂಟಿ ಇತ್ತು. ನಿದ್ದಿ ಹತ್ತಿದ್ರ ನೀ ಮತ್ತ ಸಿಟ್ಟಾಗ್ತಿ.”

ಇಷ್ಟು ತಿಂಗಳು ಇವನಿಗೆ ಬರೀ ಸೊಕ್ಕು ಎಂದುಕೊಂಡಿದ್ದಳು ವರದಾ.

“ಮಲಕೋರಿ,” ಎಂದು ಅವನ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ಶರ್ಟಿಗೆ ಗ್ರೀಸಿನ ವಾಸನೆ. ಹೆಗಲು ನೋಯುತ್ತಿತ್ತು. ಸಿನಿಮಾ ಮುಗಿಯುವವರೆಗೂ ಅವಳು ಅಲುಗಾಡಲಿಲ್ಲ.

ಹೊರಗೆ, ವಡಾಪಾವ್ ಗಾಡಿಯ ಮುಂದೆ, ಇಂಪನಾ ತೀರ್ಪು ಕೊಟ್ಟಳು. “ಮೊದಲನೇದರಷ್ಟು ಚಲೋ ಇಲ್ಲ. ಅಜ್ಜಿನೂ ಇಲ್ಲ, ಬರೇ ಜಗಳ.” ಹೇಳಿ ಪೋಸ್ಟರಿನ ಫೋಟೋ ತೆಗೆಯಲು ಹೋದಳು.

“ಇಂಟರ್ವಲ್ ನಂತರ ಏನಾತು?” ವಿಕ್ರಮ ಮೆಲ್ಲಗೆ ಕೇಳಿದ.

“ಗಂಡ ಬಸ್ ಮಾರತಾನ. ಹೆಂಡತಿ ಒಂದು ಮಾತೂ ಆಡೂದಿಲ್ಲ. ಇಬ್ಬರೂ ನಡಕೋತ ಮನಿಗೆ ಹೋಗ್ತಾರ. ಅಷ್ಟ.”

“ಹಂಗಾರ ಇಂಪಿ ಅನ್ನೂದು ಖರೇ ಅದ.”

“ನನಗ ಇದೇ ಭಾಳ ಸೇರ್ತು. ಮೊದಲನೇದರಾಗ ಯಾರಿಗೂ ದಣಿವೇ ಇರಲಿಲ್ಲ. ನಗೂದು ಸಲೀಸಿತ್ತು.”

ವಿಕ್ರಮ ಚಹಾದ ಕಪ್ಪನ್ನೇ ನೋಡುತ್ತ ನಿಂತ. “ನೀ ಬರಬ್ಯಾಡ ಅಂದ ಮ್ಯಾಲೂ ಪುಣೆ ಸ್ಟೇಷನ್ ತನಕಾ ಬಂದಿದ್ದೆ, ವರದಾ. ಪ್ಲಾಟ್‌ಫಾರ್ಮಿನ್ಯಾಗ ಕೂತು ತಿರುಗಿ ಹೋದೆ.”

“ಒಂದು ಫೋನ್ ಮಾಡಬಾರದಿತ್ತೇನ್ರಿ?”

“ಮಾಡಿ ಏನ್ ಅನ್ಲಿ? ನಿನ್ನ ಬಾಜೂ ಸುಮ್ಮನ ಕೂಡಬೇಕು ಅನಸ್ತದ, ಅನ್ಲೇನು?”

“ಅಷ್ಟ ಅಂದಿದ್ರ ಸಾಕಿತ್ತು.” ಅವಳ ದನಿ ಸಣ್ಣದಾಯಿತು. “ನಾ ಬ್ಯಾಡ ಅಂದದ್ದು ನಿಮ್ಮ ನಿದ್ದಿಗೆ. ನಿಮಗಲ್ಲ.”

ಇಂಪನಾ ಕೈ ಮಾಡಿ ನಿಲ್ಲಿಸಿದ ಆಟೋ ಎದುರಿಗೆ ಬಂತು. ಮಗಳು ಮೊದಲು ಹತ್ತಿದಳು, ಆಮೇಲೆ ವರದಾ. ಆಟೋದವನು ಹಿಂದಕ್ಕೆ ತಿರುಗಿ, ಎಲ್ಲಿಗೆಂದು ಕೇಳಿದ: “ಕುಠೇ?”

ಸ್ಟೇಷನ್ ಒಂದು ಕಡೆ, ಬಿಬವೇವಾಡಿಯ ಮನೆ ಇನ್ನೊಂದು ಕಡೆ. ವರದಾ ಬೇಕೆಂದೇ ಬಾಯಿ ತೆರೆಯಲಿಲ್ಲ.

ವಿಕ್ರಮ ಬಗ್ಗಿ ಒಳಗೆ ಬಂದು ಅವಳ ಪಕ್ಕ ಕೂತ.

“ಬಿಬವೇವಾಡಿ,” ಅಂದ.