ಮೂರನೆಯ ಸಲ

ವಿಮಾನ ನಿಲ್ದಾಣಕ್ಕೆ ಅಂಟಿದ ಊರಾದ ಯೂಲೆಸ್‌ನ ಗ್ರಂಥಾಲಯದ ಆ ಪುಟ್ಟ ಕೋಣೆಯ ಮೇಲೆ ನಾಲ್ಕೈದು ನಿಮಿಷಕ್ಕೊಂದು ವಿಮಾನ ತಗ್ಗಿನಲ್ಲಿ ಹಾದುಹೋಗುತ್ತಿತ್ತು. ಕಿಟಕಿಯ ಗಾಜು ನಡುಗಿ ಸುಮ್ಮನಾಗುವವರೆಗೆ ಪಾಠ ನಿಲ್ಲಬೇಕು. ಪಾಠ ನಿಲ್ಲುತ್ತಿತ್ತು; ಎದುರು ಕುಳಿತ ಲಿಯೆನ್‌ಳ ದೃಷ್ಟಿ ಮಾತ್ರ ಭೀಮಸೇನನ ತುಟಿಗಳಿಂದ ಸರಿಯುತ್ತಿರಲಿಲ್ಲ. ಇಂಗ್ಲಿಷ್ ಉಚ್ಚಾರಣೆ ಕಲಿಯುವವರು ಕಲಿಸುವವನ ತುಟಿಯನ್ನೇ ನೋಡಬೇಕೆಂದು ಮೊದಲ ಶನಿವಾರ ವಿಧಿಸಿದವನು ಅವನೇ. ಆ ವಿಧಿ ತನ್ನನ್ನೇ ಹೀಗೆ ಕಾಡೀತೆಂದು ಅವನು ಎಣಿಸಿರಲಿಲ್ಲ.

ಲಿಯೆನ್ ವಿಯೆಟ್ನಾಮಿನಲ್ಲಿ ಹನ್ನೆರಡು ವರ್ಷ ನರ್ಸ್ ಆಗಿದ್ದವಳು. ಇಲ್ಲಿ ಬೇಕರಿಯೊಂದರಲ್ಲಿ ಬೆಳಗಿನ ಪಾಳಿ. ನಾಲ್ಕು ಗಂಟೆ ದೂರದ ಹ್ಯೂಸ್ಟನ್‌ನ ಕ್ಲಿನಿಕ್ ಒಂದು, ರೋಗಿಗಳೊಡನೆ ಫೋನಿನಲ್ಲಿ ಮಾತಾಡುವ ಕೆಲಸಕ್ಕೆ ಅವಳನ್ನು ಇಂಟರ್‌ವ್ಯೂಗೆ ಕರೆದಿತ್ತು. ಆದರೆ ಅವಳ ಇಂಗ್ಲಿಷ್ ಫೋನಿನ ಆಚೆಗಿನ ರೋಗಿಗೆ ತಿಳಿಯಬೇಕು. ಅವಳ ನಾಲಿಗೆಯೋ ಪದದ ಕೊನೆಯ ವ್ಯಂಜನವನ್ನು ನುಂಗಿಬಿಡುತ್ತಿತ್ತು. ‘ರೈಸ್’ ಬರೀ ‘ರೈ’ ಆಗುತ್ತಿತ್ತು.

ಭೀಮಸೇನ ಬಾಲ್ಯದಲ್ಲಿ ಬಾಗಲಕೋಟೆಯ ಪಾಠಶಾಲೆಯಲ್ಲಿ ವೇದ ಕಲಿತವನು. ಕಂಠ, ತಾಲು, ಮೂರ್ಧ, ದಂತ, ಓಷ್ಠ. ಯಾವ ಅಕ್ಷರ ಎಲ್ಲಿ ಹುಟ್ಟುತ್ತದೆಂಬುದು ಅವನಿಗೆ ಉಸಿರಿನಷ್ಟು ಸಹಜ. ಕಲಿಸುವ ಕ್ರಮವೂ ಅಲ್ಲಿನ ಸಂಥೆಯದೇ: ಗುರು ಒಂದು ಸಲ ಹೇಳಬೇಕು, ಶಿಷ್ಯ ಎರಡು ಸಲ ಹೇಳಬೇಕು. ಮೂರನೆಯ ಸಲವೆಂಬುದಿಲ್ಲ. ತಪ್ಪಿದರೆ ಗುರುವೇ ಮತ್ತೆ ಆರಂಭಿಸಬೇಕು.

"ರೈಸ್," ಎಂದ.

"ರೈಸ್. ರೈಸ್." ಕೊನೆಯ ಅಕ್ಷರದ ಉಸಿರು ಹೊರಬಿತ್ತೇ ಎಂದು ನೋಡಲು ತುಟಿಯ ಮುಂದೆ ಹಿಡಿದ ಟಿಶ್ಯೂ ಕಾಗದ ಅಲುಗಿತು. ಅವಳು ನಕ್ಕು, ತನ್ನ ಮೆಲ್ಲನೆಯ ಇಂಗ್ಲಿಷಿನಲ್ಲಿ ಹೇಳಿದಳು: "ನೀವು ಮಾತ್ರ ನಿಮ್ಮ ಜನರ ಜೊತೆ ‘ಬಸ್ಸು’ ಅಂತೀರಿ, ಟೀಚರ್. ‘ಕಾರು’ ಅಂತೀರಿ. ನಿಮ್ಮ ಪದಕ್ಕೆಲ್ಲ ಬಾಲ ಇದೆ."

"ಬೇಕಾದರೆ ಕತ್ತರಿಸಿ ನೀವು ಹಚ್ಚಿಕೊಳ್ಳಿ."

"ಬೇಡ. ಬಾಲ ನಿಮಗೇ ಚಂದ."

ಪಕ್ಕದ ಮೇಜಿನಲ್ಲಿ ಬೇರೆಯವರಿಗೆ ಪಾಠ ಹೇಳುತ್ತಿದ್ದ ಹುಬ್ಬಳ್ಳಿಯ ತುಳಸಿ, ಕನ್ನಡ ಯಾರಿಗೂ ತಿಳಿಯದೆಂಬ ಧೈರ್ಯದಿಂದ ಕೇಳಿದಳು: "ಅಣ್ಣಾ, ಆಕಿಗೆ ಪಾಠ ಹೇಳ್ಲಿಕ್ಕತ್ತೀರೋ, ಆಕಿ ಮಾರಿ ನೋಡ್ಲಿಕ್ಕತ್ತೀರೋ?"

"ಸುಮ್ಮನಿರವಾ ತುಳಸಿ," ಎಂದನಾದರೂ ಕಿವಿ ಬಿಸಿಯಾಯಿತು.

ಹೆಂಡತಿ ತೀರಿಕೊಂಡು ಆರು ವರ್ಷ. ಮನೆಯಲ್ಲಿ ಅವನ ಸಂಧ್ಯಾವಂದನೆಯ ಮಂತ್ರ ಬಿಟ್ಟರೆ ಮನುಷ್ಯರ ಧ್ವನಿಯಿರಲಿಲ್ಲ. ಬಂದಿರಾ, ಉಂಡಿರಾ, ಯಾಕೆ ತಡವಾಯಿತು ಎಂಬ ಒಂದು ಪ್ರಶ್ನೆಯೂ ಆ ಗೋಡೆಗಳ ನಡುವೆ ಕೇಳಿಬಂದಿರಲಿಲ್ಲ. ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ಅವನು ವಾರವಿಡೀ ದುಡಿಯುವ ಆಫೀಸಿನವರು ಅವನ ಹೆಸರನ್ನೂ ಮೊಟಕುಮಾಡಿ ‘ಭೀಮ್’ ಎಂದು ಮುಗಿಸುತ್ತಿದ್ದರು.

ಇಂಟರ್‌ವ್ಯೂಗೆ ಮುಂಚಿನ ಶನಿವಾರ ಅವಳು ‘ಲಾಸ್ಟ್’ ಎಂಬ ಪದದ ಕೊನೆಯ ಅಕ್ಷರವನ್ನು ಎರಡೂ ಸಲ ಬಿಟ್ಟಳು. ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಆ ಒಂದು ಅಕ್ಷರ ಕೂಡದಿದ್ದರೆ ಹ್ಯೂಸ್ಟನ್ ತಪ್ಪೀತು, ಶನಿವಾರಗಳು ಉಳಿದಾವು ಎಂದು ಮನಸ್ಸು ಪಿಸುಗುಟ್ಟಿತು.

"ಸರಿ," ಎಂದುಬಿಟ್ಟ.

ಆ ಸಂಜೆ ಅರ್ಘ್ಯಕ್ಕೆ ಎತ್ತಿದ ಬೊಗಸೆಯನ್ನು ಕೆಳಗಿಳಿಸಿದ. ತನ್ನ ಸುಖಕ್ಕಾಗಿ ಶಿಷ್ಯೆಯಿಂದ ವಿದ್ಯೆಯನ್ನು ಬಚ್ಚಿಟ್ಟವನು ಯಾವ ಮುಖದಿಂದ ಸೂರ್ಯನನ್ನು ನೋಡಬೇಕು? ಮುಂದಿನ ಶನಿವಾರ ಅವಳು ಬರಲಿಲ್ಲ. ಅವನು ಖಾಲಿ ಕುರ್ಚಿಯೆದುರು ಒಂದು ಗಂಟೆ ಕುಳಿತು, ಹಾದುಹೋದ ಹನ್ನೆರಡು ವಿಮಾನಗಳನ್ನು ಕೇಳಿಸಿಕೊಂಡು ಎದ್ದುಹೋದ.

ಅದರ ಮರುವಾರ ಅವಳು ಬಂದಳು. ಕೈಯಲ್ಲಿ ಬೇಕರಿಯ ಪೊಟ್ಟಣ.

"ಮೊಟ್ಟೆ ಹಾಕಿಲ್ಲ, ನಾನೇ ನಿಂತು ಮಾಡಿಸಿದ್ದು. ಟೀಚರ್, ಕೆಲಸ ಸಿಕ್ಕಿತು. ಮನೆ ಹುಡುಕುತ್ತಾ ಅಲ್ಲೇ ಉಳಿದಿದ್ದೆ. ಸೋಮವಾರ ಶಿಫ್ಟ್ ಆಗ್ತೀನಿ."

ಅವನಿಗೆ ಸಂತೋಷವಾಯಿತು, ಅದಕ್ಕಿಂತ ಹೆಚ್ಚಾಗಿ ಎದೆ ಬರಿದಾಯಿತು. ಆದರೂ ಋಣ ಉಳಿಸಿಕೊಳ್ಳಲಾರದೆ ಹೇಳಿದ: "ನಾನೊಂದು ಅಪರಾಧ ಮಾಡಿದ್ದೇನೆ. ಆ ದಿನ ನೀವು ಅಕ್ಷರ ಬಿಟ್ಟಿರಿ. ಕೇಳಿಯೂ ನಾನು ತಿದ್ದಲಿಲ್ಲ."

"ಗೊತ್ತು," ಎಂದಳು. "ತಪ್ಪಿದರೆ ನಿಮ್ಮ ಹುಬ್ಬು ಮೇಲೇಳುತ್ತೆ. ಅವತ್ತು ನೀವು ಮೇಜು ನೋಡಿದಿರಿ. ಹ್ಯೂಸ್ಟನ್‌ವರೆಗೆ ನಾಲ್ಕು ಗಂಟೆ ಡ್ರೈವ್ ಮಾಡುತ್ತಾ ನಾನೇ ತಿದ್ದಿಕೊಂಡೆ. ಯಾಕೆ ತಿದ್ದಲಿಲ್ಲ?"

ಆರು ವರ್ಷಗಳ ಮೇಲೆ ಯಾರೋ ಅವನನ್ನು ಯಾಕೆಂದು ಕೇಳಿದ್ದರು. ವಿಮಾನ ಬಂದು ಹೋಯಿತು. ಉತ್ತರಕ್ಕೆ ಅವನ ಬಳಿ ಸಂಥೆಯ ಹೊರತು ಬೇರೆ ದಾರಿಯಿರಲಿಲ್ಲ.

"ಐ ಮಿಸ್ಡ್ ಯು ಲಾಸ್ಟ್ ವೀಕ್," ಎಂದ.

ಅವಳು ನೆಟ್ಟಗೆ ಕುಳಿತು ಟಿಶ್ಯೂ ಎತ್ತಿಹಿಡಿದಳು. "ಐ ಮಿಸ್ಡ್ ಯು ಲಾಸ್ಟ್ ವೀಕ್. ಐ ಮಿಸ್ಡ್ ಯು ಲಾಸ್ಟ್ ವೀಕ್."

ಒಂದು ಅಕ್ಷರವೂ ಬೀಳಲಿಲ್ಲ. ಹೇಳಿಕೊಟ್ಟಂತೆ ಎರಡೇ ಸಲ, ಅವಳಿಗದು ಪಾಠ.

"ಶುದ್ಧವಾಗಿದೆ," ಎಂದು ತಲೆತಗ್ಗಿಸಿ ಪುಸ್ತಕ ಜೋಡಿಸತೊಡಗಿದ.

ಅವಳು ಟಿಶ್ಯೂ ಕಾಗದವನ್ನು ಮಡಿಚಿ ಅವನ ಪುಸ್ತಕದ ಪಕ್ಕದಲ್ಲಿಟ್ಟಳು. ತಲೆಯೆತ್ತಿದ. ಅವಳು ಅವನ ತುಟಿಯನ್ನು ನೋಡುತ್ತಿರಲಿಲ್ಲ; ಮೊದಲ ಬಾರಿಗೆ ನೇರವಾಗಿ ಕಣ್ಣನ್ನು ನೋಡುತ್ತಿದ್ದಳು.

"ಐ ಮಿಸ್ಡ್ ಯು ಲಾಸ್ಟ್ ವೀಕ್," ಎಂದಳು ಮೂರನೆಯ ಸಲ. ತುಸು ತಡೆದು, ಕೊನೆಯ ಸ್ವರವನ್ನೂ ಬಿಡದೆ, ಅವನ ಊರಿನವರು ಕರೆಯುವಂತೆಯೇ ಸೇರಿಸಿದಳು: "ಭೀಮಸೇನ."

ಸೋಮವಾರ ಹಾಗೆಯೇ ಇತ್ತು, ನಾಲ್ಕು ಗಂಟೆಯ ದಾರಿಯೂ. ಮೇಲೆ ಮತ್ತೊಂದು ವಿಮಾನ ಬಂದು ಗಾಜು ನಡುಗಿತು. ನಿಲ್ಲಿಸಲು ಪಾಠವೇನೂ ಉಳಿದಿರಲಿಲ್ಲ.